ಜೆಲ್ ಉಗುರು ಬುಡದಲ್ಲೇ ಬಿಟ್ಟುಕೊಳ್ಳುತ್ತಿದೆ, ಏನು ಮಾಡಲಿ?

ಪ್ರಶ್ನೆ: ನನಗೆ 23 ವರ್ಷ. ನೇಲ್ ಆರ್ಟ್ ಕೋರ್ಸ್ ಮುಗಿಸಿ ಮನೆಯ ಮುಂದಿನ ಕೋಣೆಯಲ್ಲೇ ಜೆಲ್ ಎಕ್ಸ್‌ಟೆನ್ಶನ್ ಹಾಕುತ್ತಿದ್ದೇನೆ. ಮದುವೆ ಸೀಸನ್ನಿನಲ್ಲಿ ಗಿರಾಕಿಗಳು ಚೆನ್ನಾಗಿ ಬರುತ್ತಾರೆ. ಆದರೆ ಹಾಕಿದ ವಾರದೊಳಗೆ ಉಗುರಿನ ಬುಡದಲ್ಲಿ, ಪಕ್ಕದ ಅಂಚಿನಲ್ಲಿ ಜೆಲ್ ಏಳುತ್ತದೆ, ಸಂದಿಗೆ ತಲೆಕೂದಲು ಸಿಕ್ಕಿಕೊಳ್ಳುತ್ತದೆ ಎಂದು ಫೋನ್ ಮಾಡುತ್ತಾರೆ. ಪ್ರೈಮರ್ ಎರಡು ಕೋಟ್ ಹಾಕಿದೆ, ಉಗುರನ್ನು ಇನ್ನಷ್ಟು ಉಜ್ಜಿದೆ. ಪ್ರಯೋಜನವಾಗಲಿಲ್ಲ. ಒಬ್ಬರಿಗಂತೂ ಲ್ಯಾಂಪಿನೊಳಗೆ ಕೈ ಇಟ್ಟ ಕೂಡಲೇ ಉರಿ ಬಂತು. ಇದನ್ನು ಡಾಕ್ಟರನ್ನು ಕೇಳಬಹುದೋ ಇಲ್ಲವೋ ಗೊತ್ತಿಲ್ಲ.
– ಹೆಸರು ಬೇಡ, ಹಾಸನ

ಉತ್ತರ: ಖಂಡಿತ ಕೇಳಬಹುದು. ಯಾವ ತಪ್ಪಿನಿಂದ ಜೆಲ್ ಏಳುತ್ತದೋ ಬಹುಪಾಲು ಅದೇ ತಪ್ಪಿನಿಂದ ಉಗುರು ಕೆಡುತ್ತದೆ, ಚರ್ಮಕ್ಕೆ ಅಲರ್ಜಿ ಹತ್ತುತ್ತದೆ. ಹಾಗಾಗಿ ಇದು ನಿಮ್ಮ ವ್ಯಾಪಾರದ ಪ್ರಶ್ನೆಯಷ್ಟೇ ನನ್ನ ಪ್ರಶ್ನೆಯೂ ಹೌದು.

ಹೆಚ್ಚು ಉಜ್ಜುವುದನ್ನು ಇವತ್ತೇ ನಿಲ್ಲಿಸಿ. ಹೆಂಗಸರ ಕೈಬೆರಳಿನ ಉಗುರಿನ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಒರಟು ಫೈಲಿನಿಂದಲೋ ಡ್ರಿಲ್ಲಿನಿಂದಲೋ ಮತ್ತೆ ಮತ್ತೆ ಉಜ್ಜಿದರೆ ಮೇಲಿನ ಗಟ್ಟಿ ಪದರ ಹೋಗಿ ಬಳುಕುವ ತೆಳು ಉಗುರು ಉಳಿಯುತ್ತದೆ. ಅದು ಬಳುಕಿದಾಗ ಗಟ್ಟಿಯಾದ ಜೆಲ್ ಜೊತೆಯಲ್ಲಿ ಬಳುಕದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಉಜ್ಜಿದಷ್ಟೂ ಜೆಲ್ ಬೇಗ ಏಳುವುದು ಇದಕ್ಕೇ. ನಿಮ್ಮ ಗಿರಾಕಿಗೆ ಉರಿ ಬಂದದ್ದೂ ಬಹುಶಃ ಇದರಿಂದಲೇ. ಜೆಲ್ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ, ಸವೆದ ಉಗುರು ಅದನ್ನು ತಡೆಯಲಾರದು. ಜೆಲ್ ದಪ್ಪವಾಗಿದ್ದರೆ ಉರಿ ಇನ್ನೂ ಹೆಚ್ಚು. 180 ಅಥವಾ 240 ಗ್ರಿಟ್ಟಿನ ಬಫರ್ ಹಿಡಿದು ಹೊಳಪು ಮಾಯುವವರೆಗೆ ಹಗುರವಾಗಿ ಆಡಿಸಿದರೆ ಸಾಕು.

ಪ್ರೈಮರ್ ಕೂಡ ಹಾಗೆಯೇ, ಹೆಚ್ಚು ಹಾಕಿದರೆ ಹೆಚ್ಚು ಹಿಡಿಯುತ್ತದೆ ಎಂಬುದು ತಪ್ಪು. ಕೆಲವು ಪ್ರೈಮರ್‌ಗಳಲ್ಲಿ ಮೆಥಾಕ್ರಿಲಿಕ್ ಆಮ್ಲವಿರುತ್ತದೆ, ಅದು ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ. ಆಮ್ಲವಿಲ್ಲದ ಪ್ರೈಮರ್ ತೆಗೆದುಕೊಳ್ಳಿ. ಬ್ರಶ್ಶನ್ನು ಬಾಟಲಿಯ ಬಾಯಿಗೆ ಒರೆಸಿ, ಉಗುರಿಗೆ ಮಾತ್ರ ತೆಳುವಾಗಿ ಸವರಿ.

ಏಳುತ್ತಿರುವುದು ಬುಡ ಮತ್ತು ಪಕ್ಕದಲ್ಲಿ ಎಂದು ಬರೆದಿದ್ದೀರಿ. ನನ್ನ ಅನುಮಾನ ನೇರವಾಗಿ ಅಲ್ಲಿನ ಸತ್ತ ಚರ್ಮದ ಮೇಲೆ. ಉಗುರು ಬೆಳೆಯುತ್ತಾ ಬುಡದಿಂದ ಒಂದು ತೆಳು ಪೊರೆಯನ್ನು ತನ್ನ ಮೇಲೆ ಎಳೆದುಕೊಂಡು ಬರುತ್ತದೆ. ಬರಿಗಣ್ಣಿಗೆ ಅದು ಸುಲಭವಾಗಿ ಕಾಣುವುದಿಲ್ಲ. ಟೇಬಲ್ ಲ್ಯಾಂಪನ್ನು ಪಕ್ಕಕ್ಕೆ ಓರೆಯಾಗಿ ಹಿಡಿದು ನೋಡಿ, ಬುಡದಲ್ಲಿ ಬೆಳ್ಳಗೆ, ಹುಡಿಯಂಥ ಪೊರೆ ಕಾಣುತ್ತದೆ. ಉಗುರಿನ ಎರಡು ಮೂಲೆಗಳಲ್ಲಿ ಬಫರ್ ತಲುಪದೆ ಹೊಳಪು ಹಾಗೆಯೇ ಉಳಿದಿರುವುದೂ ಆಗಲೇ ಕಣ್ಣಿಗೆ ಬೀಳುತ್ತದೆ. ಆ ಪೊರೆಯ ಮೇಲೆ ಜೆಲ್ ಹಾಕುವುದು ಹುಡಿ ಉದುರುವ ಗೋಡೆಗೆ ಬಣ್ಣ ಬಳಿದಂತೆ. ಜೆಲ್ ಹಿಡಿದುಕೊಂಡದ್ದು ಪೊರೆಯನ್ನು, ಉಗುರನ್ನಲ್ಲ. ಕ್ಯುಟಿಕಲ್ ರಿಮೂವರ್ ಹಚ್ಚಿ, ಪುಶರ್‌ನಿಂದ ಮೆಲ್ಲಗೆ ತೆಗೆದು, ರಿಮೂವರ್ ಉಳಿಯದಂತೆ ಒರೆಸಿ. ಆದರೆ ಉಗುರಿನ ಬುಡವನ್ನು ಮುಚ್ಚಿರುವ ಜೀವಂತ ಚರ್ಮದ ಮಡಿಕೆಗೆ ಕತ್ತರಿ ತಾಗಿಸಬೇಡಿ. ನೀರು, ಕೀಟಾಣು ಒಳಗೆ ಹೋಗದಂತೆ ತಡೆಯುವ ಬಾಗಿಲು ಅದು. ಕತ್ತರಿಸಿದರೆ ಉಗುರುಸುತ್ತು ಬರುವುದು ಅಲ್ಲಿಂದಲೇ.

ಇನ್ನೊಂದು ಶತ್ರು ತೇವ. ಕೈಯನ್ನು ಬಿಸಿನೀರಿನಲ್ಲಿ ನೆನೆಸಿ ಆಮೇಲೆ ಜೆಲ್ ಹಾಕುವ ಅಭ್ಯಾಸವಿದ್ದರೆ ಬಿಡಿ. ಉಗುರು ನೀರು ಹೀರಿ ಉಬ್ಬುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ. ಮೇಲಿನ ಜೆಲ್ ಇದ್ದ ಅಳತೆಯಲ್ಲೇ ಇರುವುದರಿಂದ ಅಂಚಿನ ಹಿಡಿತ ಸಡಿಲವಾಗುತ್ತದೆ. ಪೂರ್ತಿ ಒಣ ಉಗುರಿನ ಮೇಲೆಯೇ ಕೆಲಸ ಮಾಡಿ. ನಮ್ಮ ಹೆಣ್ಣುಮಕ್ಕಳ ಕೈಯಲ್ಲಿ ಕೊಬ್ಬರಿ ಎಣ್ಣೆಯ ಜಿಡ್ಡು ಇದ್ದೇ ಇರುತ್ತದೆ, ತಲೆಗೆ ಎಣ್ಣೆ ಹಚ್ಚಿದ ಬೆರಳುಗಳಲ್ಲೇ ಬಂದು ಕೂರುತ್ತಾರೆ. ಸೋಪಿನಿಂದ ತೊಳೆಸಿ, ಚೆನ್ನಾಗಿ ಒಣಗಿಸಿ, ನಾರು ಬಿಡದ ಬಟ್ಟೆಯಿಂದ ಡಿಹೈಡ್ರೇಟರ್ ಒರೆಸಿ. ಅದಾದ ಮೇಲೆ ಆ ಉಗುರನ್ನು ನೀವೂ ಮುಟ್ಟಬಾರದು, ಅವರೂ ಮುಟ್ಟಬಾರದು. ಮೊಬೈಲ್ ಮುಟ್ಟಿ ಬಂದ ಬೆರಳು ಸಾಕು, ಮಾಡಿದ್ದೆಲ್ಲ ವ್ಯರ್ಥ.

ಜೆಲ್ ಚರ್ಮಕ್ಕೆ ಹರಿಯಲು ಬಿಡಬೇಡಿ. ಬುಡದಲ್ಲೂ ಪಕ್ಕದಲ್ಲೂ ಕೂದಲೆಳೆಯಷ್ಟು ಜಾಗ ಬಿಡಿ. ಹರಿದರೆ ಲ್ಯಾಂಪಿಗೆ ಇಡುವ ಮೊದಲೇ ಒರೆಸಿ ತೆಗೆಯಿರಿ. ಚರ್ಮದ ಮೇಲೆ ಗಟ್ಟಿಯಾದ ಜೆಲ್ ಚರ್ಮ ಅಲುಗಿದಾಗಲೆಲ್ಲ ಎತ್ತಿಕೊಳ್ಳುತ್ತದೆ, ಅಲರ್ಜಿಗೂ ಅದೇ ದಾರಿ. ಜೆಲ್ ಮತ್ತು ಲ್ಯಾಂಪ್ ಒಂದಕ್ಕೊಂದು ಹೊಂದಬೇಕು, ತಯಾರಕರು ಹೇಳಿದ ಹೊತ್ತಿನಷ್ಟು ಇಡಬೇಕು. ತೆಳು ಪದರಗಳಲ್ಲಿ ಹಾಕಿ, ಗಾಢ ಬಣ್ಣವಾದರೆ ಇನ್ನೂ ತೆಳುವಾಗಿರಲಿ. ಹೆಬ್ಬೆರಳುಗಳನ್ನು ಬೇರೆಯಾಗಿ ಇಡಿಸಿ, ಏಕೆಂದರೆ ನಾಲ್ಕು ಬೆರಳಿನ ಜೊತೆ ಇಟ್ಟರೆ ಅವು ಓರೆಯಾಗಿ ಬೆಳಕು ಸರಿಯಾಗಿ ಬೀಳುವುದಿಲ್ಲ. ಟಿಪ್ ಅಂಟಿಸುವಾಗ ಒಳಗೆ ಗಾಳಿಗುಳ್ಳೆ ಕಂಡರೆ ತೆಗೆದು ಮತ್ತೆ ಹಾಕಿ.

ಉದ್ದ ಎಂದು ಗಿರಾಕಿ ಹಟ ಹಿಡಿದರೂ ಕಲಿಯುವ ದಿನಗಳಲ್ಲಿ ಗಿಡ್ಡದಾಗಿಯೇ ಹಾಕಿ. ತುದಿಗೆ ಬಿದ್ದ ಪೆಟ್ಟು ಸನ್ನೆಯಾಗಿ ಬುಡವನ್ನು ಮೀಟುತ್ತದೆ. ಕೆಲವೊಮ್ಮೆ ಜೆಲ್ ಉಗುರನ್ನು ಬಿಡುವ ಬದಲು ಉಗುರೇ ಕೆಳಗಿನ ಮಾಂಸವನ್ನು ಬಿಟ್ಟು ಏಳುತ್ತದೆ. ಜೆಲ್ ತೆಗೆದ ಮೇಲೂ ತುದಿಯಿಂದ ಒಳಕ್ಕೆ ಬಿಳಿ ಭಾಗ ಹಬ್ಬಿದ್ದರೆ ಅದು ಇದೇ. ಅಂಥ ಬೆರಳಿಗೆ ಉಗುರು ಮತ್ತೆ ಕೂಡಿಕೊಳ್ಳುವವರೆಗೆ ಏನನ್ನೂ ಹಾಕಬೇಡಿ. ಉಗುರುಸುತ್ತು, ಫಂಗಸ್, ಸೋರಿಯಾಸಿಸ್‌ನ ಗುಳಿಗಳು ಕಂಡರೂ ಅಷ್ಟೆ, ವೈದ್ಯರಲ್ಲಿಗೆ ಕಳುಹಿಸಿ. ಅಂಗೈ ಸದಾ ಬೆವರುವವರಿಗೆ ಎಷ್ಟು ಚೆನ್ನಾಗಿ ಹಾಕಿದರೂ ಬೇಗ ಏಳುತ್ತದೆ ಎಂದು ಮೊದಲೇ ಹೇಳಿಬಿಡಿ. ಎಲ್ಲರಿಗೂ ಹೇಳಬೇಕಾದ ಮಾತು: ಪಾತ್ರೆ ತೊಳೆಯುವಾಗ ಗ್ಲೌಸ್ ಹಾಕಿಕೊಳ್ಳಿ, ಎದ್ದ ಜೆಲ್ಲನ್ನು ಕೀಳಬೇಡಿ. ಕಿತ್ತರೆ ಉಗುರಿನ ಪದರವೂ ಜೊತೆಗೆ ಬರುತ್ತದೆ.

ಪ್ರಶ್ನೆ: ಎದ್ದ ಜೆಲ್ ಕೆಳಗೆ ಉಗುರು ಹಸಿರಾಗಿದೆ. ನೋವಿಲ್ಲ. ಪಾರ್ಲರಿನವರು ಫಂಗಸ್ ಎಂದು ಹೇಳಿ ಮೇಲೆ ಗಾಢ ಬಣ್ಣ ಹಾಕಿಕೊಟ್ಟರು.
– ಓದುಗರು, ಹುಬ್ಬಳ್ಳಿ

ಉತ್ತರ: ಬಣ್ಣ ಹಾಕಿ ಮುಚ್ಚಿದ್ದು ತಪ್ಪು. ಇಂಥ ಹಸಿರಿಗೆ ಸಾಮಾನ್ಯ ಕಾರಣ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಸಂದಿಯಲ್ಲಿ ನೀರು ನಿಂತು ಗಾಳಿ ಆಡದಿದ್ದರೆ ಅದು ಬೆಳೆಯುತ್ತದೆ, ಫಂಗಸ್ ಮುಲಾಮು ಅದಕ್ಕೆ ಕೆಲಸ ಮಾಡುವುದಿಲ್ಲ. ಜೆಲ್ ಪೂರ್ತಿ ತೆಗೆಸಿ, ಬೆರಳನ್ನು ಒಣದಾಗಿಟ್ಟುಕೊಳ್ಳಿ, ಚರ್ಮವೈದ್ಯರಿಗೆ ತೋರಿಸಿ. ಸೋಂಕು ವಾಸಿಯಾದರೂ ಕಲೆ ಉಳಿದಿರಬಹುದು. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಕಲೆ ತುದಿಗೆ ಸರಿಯಲು ಕೆಲವು ತಿಂಗಳು ಬೇಕು. ಸಕ್ಕರೆ ಕಾಯಿಲೆ ಇದ್ದರೆ ಒಂದು ದಿನವೂ ತಡಮಾಡಬೇಡಿ.

ಪ್ರಶ್ನೆ: ನಾನು ನೇಲ್ ಟೆಕ್ನಿಷಿಯನ್. ಇತ್ತೀಚೆಗೆ ಬೆರಳ ತುದಿ ಬಿರಿಯುತ್ತಿದೆ, ವಿಪರೀತ ತುರಿಕೆ. ಕಣ್ಣಿನ ರೆಪ್ಪೆಯೂ ಊದುತ್ತದೆ. ರಜೆ ಹಾಕಿದರೆ ಕಡಿಮೆಯಾಗುತ್ತದೆ.
– ಓದುಗರು, ಬೆಂಗಳೂರು

ಉತ್ತರ: ರಜೆಯಲ್ಲಿ ಕಡಿಮೆಯಾಗುತ್ತದೆ ಎಂಬ ಮಾತೇ ದಾರಿ ತೋರಿಸುತ್ತದೆ. ಇದು ಅಕ್ರಿಲೇಟ್ ಅಲರ್ಜಿಯಿಂದ ಬಂದ ಇಸುಬು ಇರಬಹುದು. ಗಟ್ಟಿಯಾಗದ ಜೆಲ್ ಬೆರಳಿಗೆ ತಾಗಿ, ಆ ಬೆರಳು ಮುಖಕ್ಕೆ ತಾಗಿ ರೆಪ್ಪೆಯವರೆಗೂ ಹೋಗುತ್ತದೆ. ಮುಖ್ಯ ಆರೋಪಿ ಬಾಟಲಿಯ ಮೇಲೆ ‘ಹೆಮಾ’ ಎಂದು ಬರೆದಿರುವ ಹೈಡ್ರಾಕ್ಸಿಎಥೈಲ್ ಮೆಥಾಕ್ರಿಲೇಟ್. ಯೂರೋಪಿಯನ್ ಒಕ್ಕೂಟ 2020ರಲ್ಲಿ ನಿಯಮ ತಂದು ಉಗುರಿನ ಉತ್ಪನ್ನಗಳಲ್ಲಿ ಇದನ್ನು ವೃತ್ತಿಪರರ ಬಳಕೆಗೆ ಮಾತ್ರ ಸೀಮಿತಗೊಳಿಸಿತು. ‘ಹೆಮಾ ಇಲ್ಲ’ ಎಂಬ ಲೇಬಲ್ ನಂಬಿ ನಿಶ್ಚಿಂತರಾಗಬೇಡಿ, ಬೇರೆ ಅಕ್ರಿಲೇಟ್‌ಗಳು ಅದರಲ್ಲಿ ಇರಬಹುದು.

ಈ ಅಲರ್ಜಿ ಒಮ್ಮೆ ಹತ್ತಿದರೆ ಸಾಮಾನ್ಯವಾಗಿ ಜೀವನಪರ್ಯಂತ ಇರುತ್ತದೆ. ಹಲ್ಲು ತುಂಬಿಸುವ ವಸ್ತುವಿನಲ್ಲಿ, ಮೂಳೆ ಶಸ್ತ್ರಚಿಕಿತ್ಸೆಯ ಸಿಮೆಂಟಿನಲ್ಲಿ, ಮೈಗೆ ಅಂಟಿಸುವ ಕೆಲವು ಗ್ಲುಕೋಸ್ ಸೆನ್ಸರ್‌ಗಳ ಅಂಟಿನಲ್ಲೂ ಇದೇ ಜಾತಿಯ ರಾಸಾಯನಿಕಗಳಿವೆ. ಮುಂದೆ ದಂತವೈದ್ಯರ ಹತ್ತಿರ ಹೋದಾಗ ಈ ವಿಷಯ ಹೇಳಲೇಬೇಕಾಗುತ್ತದೆ. ತೆಳು ಗ್ಲೌಸನ್ನು ಈ ರಾಸಾಯನಿಕಗಳು ನಿಮಿಷಗಳಲ್ಲಿ ದಾಟುತ್ತವೆ, ಲ್ಯಾಟೆಕ್ಸ್ ಅಂತೂ ಬೇಡವೇ ಬೇಡ. ನೈಟ್ರೈಲ್ ಹಾಕಿ, ಜೆಲ್ ತಾಗಿದ ಕೂಡಲೇ ಬದಲಿಸಿ. ಲ್ಯಾಂಪಿನಿಂದ ತೆಗೆದ ಮೇಲೂ ಉಗುರಿನ ಮೇಲೆ ಉಳಿಯುವ ಅಂಟು ಪದರವನ್ನು ಬರಿಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಬಹಳ ಜನರಿಗಿದೆ, ಅದನ್ನು ಬಿಡಿ. ಫೈಲ್ ಮಾಡುವಾಗ ಮಾಸ್ಕ್ ಇರಲಿ.

ಈಗ ಸ್ಟೀರಾಯ್ಡ್ ಮುಲಾಮು ತಂದು ಹಚ್ಚಿಕೊಂಡು ಕೆಲಸ ಮುಂದುವರಿಸಬೇಡಿ. ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ಎರಡು ದಿನದ ಮೇಲೆ ತೆಗೆದು, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಹೋಗುವಾಗ ನೀವು ಬಳಸುವ ಎಲ್ಲ ಬಾಟಲಿಗಳ ಲೇಬಲ್ ಫೋಟೊ ತೆಗೆದುಕೊಂಡು ಹೋಗಿ. ಫಲಿತಾಂಶ ಬರುವವರೆಗೆ ಜೆಲ್ ಮುಟ್ಟಬೇಡಿ.