ಕಾರ್ಡು ಕಳೆದರೂ ದಾಖಲೆ ಉಳಿದಿರುತ್ತದೆ: ಕೊಲ್ಲಿ ದೇಶಗಳಲ್ಲಿ ದುಡಿಯುವವರು ಕಲಿತ ಪಾಠಗಳು

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಭತ್ತ, ಮೆಕ್ಕೆಜೋಳ, ಅಡಿಕೆ ಮತ್ತು ಶುಂಠಿಯ ಬೇಸಾಯವನ್ನು ನೆಚ್ಚಿಕೊಂಡ ಪ್ರದೇಶಗಳಾದರೂ, ಬೇಸಾಯವೊಂದರಿಂದಲೇ ಸಂಸಾರ ಸಾಗದ ಮನೆಗಳಿಂದ ಜನರು ಹೊರಗೆ ದುಡಿಯಲು ಹೋಗುವುದು ಇಲ್ಲಿ ಬಹುಕಾಲದಿಂದ ನಡೆದುಬಂದಿದೆ. ಶಿರಾಳಕೊಪ್ಪ, ಆನವಟ್ಟಿಯಂಥ ಪೇಟೆಗಳಿಂದಲೂ ಸುತ್ತಲ ಹಳ್ಳಿಗಳಿಂದಲೂ ಸೌದಿ ಅರೇಬಿಯಾ, ಸಂಯುಕ್ತ ಅರಬ್ ಸಂಸ್ಥಾನ ಮೊದಲಾದ ದೇಶಗಳಿಗೆ ಚಾಲಕರಾಗಿ, ಗಾರೆ ಕೆಲಸದವರಾಗಿ, ಎಲೆಕ್ಟ್ರಿಷಿಯನ್‌ಗಳಾಗಿ, ಅಂಗಡಿ ಕೆಲಸದವರಾಗಿ ಹೋದವರಿದ್ದಾರೆ. ಇವರ ಬದುಕು ಜೇಬಿನಲ್ಲಿ ಹಿಡಿಯುವ ಒಂದು ಕಾರ್ಡಿನ ಮೇಲೆ ನಿಂತಿರುತ್ತದೆ. ಆ ಕಾರ್ಡು ಕಳೆದಾಗ ಅಥವಾ ಕಳವಾದಾಗ ಮಾಡಬೇಕಾದುದೇನು ಎಂಬುದನ್ನು ಹೆಚ್ಚಿನವರು ಕಷ್ಟಕ್ಕೆ ಸಿಲುಕಿದ ಮೇಲೆಯೇ ಕಲಿಯುತ್ತಾರೆ. ಆ ಕಲಿಕೆಯನ್ನು ಮುಂದೆ ಹೋಗುವವರಿಗೆ ಮೊದಲೇ ಒದಗಿಸುವುದು ಈ ಲೇಖನದ ಉದ್ದೇಶ.

ಸೌದಿ ಅರೇಬಿಯಾದಲ್ಲಿ ವಿದೇಶಿ ಕಾರ್ಮಿಕನಿಗೆ ಕೊಡುವ ವಾಸ್ತವ್ಯ ಪರವಾನಗಿಯನ್ನು ಇಕಾಮಾ ಎನ್ನುತ್ತಾರೆ. ಅದನ್ನು ಮಾಡಿಸಿಕೊಡುವ ಮತ್ತು ನವೀಕರಿಸುವ ಹೊಣೆ ಕಫೀಲ್, ಅಂದರೆ ಕಾರ್ಮಿಕನನ್ನು ಕರೆಸಿಕೊಂಡು ಅವನ ಕಾನೂನುಬದ್ಧ ವಾಸಕ್ಕೆ ಜವಾಬ್ದಾರನಾಗುವ ಮಾಲೀಕನದು. ಅದನ್ನು ಕೊಡುವ ಸರ್ಕಾರಿ ಇಲಾಖೆ ಜವಾಜಾತ್. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕೆಲಸದ ಪರವಾನಗಿಯನ್ನು ಮಾನವ ಸಂಪನ್ಮೂಲ ಸಚಿವಾಲಯ ನೀಡಿದರೆ, ವಾಸ್ತವ್ಯದ ಗುರುತಾದ ಎಮಿರೇಟ್ಸ್ ಐಡಿಯನ್ನು ಐಸಿಪಿ ಎಂಬ ಪ್ರಾಧಿಕಾರ ನೀಡುತ್ತದೆ. 2022ರಿಂದ ಪಾಸ್‌ಪೋರ್ಟಿನಲ್ಲಿ ವಾಸ್ತವ್ಯದ ವೀಸಾ ಚೀಟಿಯನ್ನು ಅಂಟಿಸುವ ಪದ್ಧತಿ ನಿಂತಿರುವುದರಿಂದ ಈ ಕಾರ್ಡಿನ ಮಹತ್ವ ಮೊದಲಿಗಿಂತ ಹೆಚ್ಚಾಗಿದೆ.

ಕಾರ್ಡು ಕಳೆದವರಿಗೆ ಮೊದಲು ಬೇಕಾದುದು ಧೈರ್ಯ, ಮತ್ತು ಆ ಧೈರ್ಯಕ್ಕೆ ಗಟ್ಟಿಯಾದ ಆಧಾರವೂ ಇದೆ. ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಪಹಣಿಗಳು ಗಣಕೀಕೃತವಾದ ಮೇಲೆ ಮನೆಯಲ್ಲಿಟ್ಟ ಪಹಣಿಯ ಪ್ರತಿ ಹರಿದುಹೋದರೆ ಜಮೀನು ಹೇಗೆ ಕೈಬಿಡುವುದಿಲ್ಲವೋ, ಹಾಗೆಯೇ ಇಕಾಮಾ ಅಥವಾ ಎಮಿರೇಟ್ಸ್ ಐಡಿ ಕಳೆದ ಮಾತ್ರಕ್ಕೆ ದುಡಿಯುವ ಅನುಮತಿ ರದ್ದಾಗುವುದಿಲ್ಲ. ಏಕೆಂದರೆ ಅನುಮತಿಯ ಮೂಲ ದಾಖಲೆ ಸರ್ಕಾರದ ಗಣಕದಲ್ಲಿರುತ್ತದೆ, ಕಾರ್ಡು ಅದರ ಗುರುತು ಮಾತ್ರ. ಆದರೆ ಆ ದಾಖಲೆಯನ್ನು ತೆರೆಯಬಲ್ಲ ಸಂಖ್ಯೆ ಕಾರ್ಮಿಕನಿಗೆ ತಿಳಿದಿರಬೇಕು. ವಿದೇಶಿಯರ ಇಕಾಮಾ ಸಂಖ್ಯೆ 2ರಿಂದ ಆರಂಭವಾಗುವ 10 ಅಂಕಿಗಳದು. ಎಮಿರೇಟ್ಸ್ ಐಡಿಯ ಸಂಖ್ಯೆ 784ರಿಂದ ಆರಂಭವಾಗುವ 15 ಅಂಕಿಗಳದು. ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡ ಕಾರ್ಮಿಕನು ಬರಿಗೈಯಲ್ಲಿದ್ದರೂ ತಾನು ಯಾರೆಂದು ತೋರಿಸಿಕೊಡಬಲ್ಲ. ಸಂಖ್ಯೆ ತಿಳಿಯದವನು ಪ್ರತಿಯೊಂದಕ್ಕೂ ಮಾಲೀಕನ ಅಥವಾ ಏಜೆಂಟನ ಮುಖ ನೋಡಬೇಕಾಗುತ್ತದೆ.

ಇಂಥ ಹೊತ್ತಿನಲ್ಲಿ ಊರಿನ ಮನೆಯೇ ನೆರವಿಗೆ ಬರುವುದುಂಟು. ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕುಗಳ ಜೊತೆ ಬೀರುವಿನ ಪ್ಲಾಸ್ಟಿಕ್ ಕವರಿನಲ್ಲಿ ಇಕಾಮಾದ ಹಳೆಯ ಜೆರಾಕ್ಸ್ ಪ್ರತಿಯೊಂದು ಮಡಿಸಿಟ್ಟ ಗೆರೆಯಲ್ಲಿ ಮಾಸಿಹೋಗಿ ಉಳಿದಿರುತ್ತದೆ. ಅದರ ಅವಧಿ ಎಂದೋ ಮುಗಿದಿರುವುದರಿಂದ ಕೆಲಸಕ್ಕೆ ಬಾರದೆಂದು ಮನೆಯವರು ಎಣಿಸಿರುತ್ತಾರೆ. ಆದರೆ ಇಕಾಮಾ ನವೀಕರಣಗೊಂಡಾಗ ಬದಲಾಗುವುದು ಅವಧಿಯೇ ಹೊರತು ಸಂಖ್ಯೆಯಲ್ಲವಾದ್ದರಿಂದ, ಆ ಮಾಸಿದ ಹಾಳೆಯನ್ನು ಬೆಳಕಿಗೆ ಹಿಡಿದು ತೆಗೆದ ಫೋಟೊ ವಾಟ್ಸಾಪಿನಲ್ಲಿ ರಿಯಾದ್ ತಲುಪಿದರೆ ಅರ್ಧ ಕೆಲಸ ಆದಂತೆಯೇ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಕೆಲಸದ ಒಪ್ಪಂದ, ಕಾರ್ಡಿನ ಎರಡೂ ಬದಿ ಇವಿಷ್ಟರ ಪ್ರತಿಗಳನ್ನು ಕಾರ್ಮಿಕನ ಫೋನಿನಲ್ಲಿ ಮಾತ್ರವಲ್ಲದೆ ಮನೆಯಲ್ಲೂ ಇಡಬೇಕೆಂಬುದು ಮೊದಲ ಪಾಠ, ಏಕೆಂದರೆ ಪರ್ಸಿನ ಜೊತೆಗೆ ಫೋನೂ ಕಳವಾಗುವುದು ಅಪರೂಪವಲ್ಲ.

ಎರಡನೆಯ ಪಾಠ ಕ್ರಮಕ್ಕೆ ಸಂಬಂಧಿಸಿದ್ದು. ಕಾರ್ಡು ಕಳವಾಗಿದ್ದರೆ ಮೊದಲು ಸ್ಥಳೀಯ ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿಯನ್ನು ಪಡೆಯಬೇಕು. ಆ ಕಾರ್ಡನ್ನು ಬಳಸಿ ಬೇರೆಯವರು ಸಿಮ್ ಕೊಂಡರೆ ಅಥವಾ ಬೇರೇನಾದರೂ ವ್ಯವಹಾರ ನಡೆಸಿದರೆ ಕಾರ್ಮಿಕನನ್ನು ಕಾಯುವುದು ದೂರಿನ ಆ ದಿನಾಂಕವೇ. ಅನಂತರ ಮಾಲೀಕನಿಗೆ ಬಾಯಿಮಾತಿನಲ್ಲಷ್ಟೇ ಅಲ್ಲದೆ ಸಂದೇಶದ ರೂಪದಲ್ಲಿಯೂ ತಿಳಿಸಬೇಕು. ಸೌದಿಯಲ್ಲಿ ಬದಲಿ ಇಕಾಮಾದ ಕೆಲಸ ಮುಖ್ಯವಾಗಿ ಮಾಲೀಕನ ಮೂಲಕವೇ ಜವಾಜಾತ್‌ನಲ್ಲಿ ನಡೆಯುತ್ತದೆ ಮತ್ತು ಕಳೆದುದಕ್ಕೆ ದಂಡವೂ ಬೀಳುತ್ತದೆ; ಅಲ್ಲಿಯವರೆಗೆ ಅಬ್ಶರ್ ಎಂಬ ಸರ್ಕಾರಿ ಆ್ಯಪಿನಲ್ಲಿ ಕಾಣುವ ಡಿಜಿಟಲ್ ಇಕಾಮಾವನ್ನು ತೋರಿಸಿ ಓಡಾಡಬಹುದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕಳೆದ ಕಾರ್ಡನ್ನು ರದ್ದುಪಡಿಸಲು ಐಸಿಪಿಗೆ ತಿಳಿಸಿ, 300 ದಿರ್ಹಂ ಶುಲ್ಕವನ್ನೂ ಅದರ ಮೇಲಿನ ಸೇವಾ ಶುಲ್ಕವನ್ನೂ ಕಟ್ಟಿ ಬದಲಿ ಕಾರ್ಡಿಗೆ ಅರ್ಜಿ ಹಾಕಬೇಕು. ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರುಗಳು ಅಲ್ಲಿ ಬೀದಿಬೀದಿಯಲ್ಲಿವೆ.

ಕಾರ್ಡಿನ ಜೊತೆ ಪಾಸ್‌ಪೋರ್ಟೂ ಹೋದಾಗ ವಿಷಯ ಗಂಭೀರವಾಗುತ್ತದೆ, ಮತ್ತು ಅವಸರದ ಒಂದು ತೀರ್ಮಾನದಿಂದ ಕೆಲಸವನ್ನೇ ಕಳೆದುಕೊಳ್ಳುವ ಅಪಾಯ ಇಲ್ಲಿಯೇ ಇದೆ. ಪಾಸ್‌ಪೋರ್ಟ್ ಕಳೆದವರಿಗೆ ಭಾರತೀಯ ರಾಯಭಾರ ಕಚೇರಿ ಎರಡು ಬಗೆಯ ದಾಖಲೆಗಳನ್ನು ಕೊಡಬಲ್ಲದು: ಒಂದು, ಮರುವಿತರಣೆಯಾದ ಹೊಸ ಪಾಸ್‌ಪೋರ್ಟು, ಇನ್ನೊಂದು, ಎಮರ್ಜೆನ್ಸಿ ಸರ್ಟಿಫಿಕೇಟ್ ಎನ್ನುವ ತುರ್ತು ಪ್ರಮಾಣಪತ್ರ. ಎರಡನೆಯದು ಬೇಗ ಸಿಗುತ್ತದೆಯಾದರೂ ಅದು ಭಾರತಕ್ಕೆ ಒಮ್ಮೆ ಮರಳುವುದಕ್ಕೆ ಮಾತ್ರ ಸಲ್ಲುವ ಪತ್ರ. ಕೆಲಸದಲ್ಲಿ ಮುಂದುವರಿಯಬೇಕೆನ್ನುವವರು ಮರುವಿತರಣೆಗೇ ಅರ್ಜಿ ಹಾಕಿ ಕಾಯಬೇಕು. ಹೊಸ ಪಾಸ್‌ಪೋರ್ಟು ಬಂದ ಮೇಲೆ ಅದರ ಸಂಖ್ಯೆಯನ್ನು ಇಕಾಮಾದ ದಾಖಲೆಗೆ ಸೇರಿಸಬೇಕಾಗುತ್ತದೆ. ಸೌದಿಯ ಕಾರ್ಮಿಕರು ಇದನ್ನು ನಕಲ್ ಮಾಲುಮಾತ್ ಎನ್ನುತ್ತಾರೆ. ಈ ಕೊನೆಯ ಹೆಜ್ಜೆಯನ್ನು ಮರೆತವರಿಗೆ ತೊಂದರೆ ಕಾಣಿಸಿಕೊಳ್ಳುವುದು ರಜೆಗೆ ಊರಿಗೆ ಹೊರಟಾಗ.

ಪಾಸ್‌ಪೋರ್ಟು ಕಳೆದಿದೆಯೆಂದು ದೂರು ಸಲ್ಲಿಸಿ ಅದು ರದ್ದಾದ ಮೇಲೆ, ಹಳೆಯದು ಮರುದಿನ ಹಾಸಿಗೆಯ ಕೆಳಗೇ ಸಿಕ್ಕರೂ ಅದನ್ನು ಬಳಸುವಂತಿಲ್ಲ. ಆದ್ದರಿಂದ ದೂರಿಗೆ ಮುನ್ನ ಕೋಣೆ, ಕೆಲಸದ ಜಾಗ, ಗಾಡಿ ಇವನ್ನೆಲ್ಲ ಒಮ್ಮೆ ಚೆನ್ನಾಗಿ ಹುಡುಕಬೇಕು. ಕಂಪನಿಯ ಕಚೇರಿಯ ಕಪಾಟಿನಲ್ಲಿದೆಯೇ ಎಂದು ಕೇಳಿ ನೋಡಬೇಕು. ಈ ಕಪಾಟಿನ ಮಾತು ಮುಖ್ಯವಾದುದು, ಏಕೆಂದರೆ ಕಾರ್ಮಿಕರ ಪಾಸ್‌ಪೋರ್ಟನ್ನು ಮಾಲೀಕರು ತಮ್ಮ ಬಳಿ ಇಟ್ಟುಕೊಳ್ಳುವ ಹಳೆಯ ರೂಢಿಗೆ ಕಾನೂನಿನ ಬೆಂಬಲವಿಲ್ಲ. ಭಾರತದ 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೆಯ ವಿಧಿಯಂತೆ ಪಾಸ್‌ಪೋರ್ಟು ಸದಾ ಕೇಂದ್ರ ಸರ್ಕಾರದ ಸ್ವತ್ತು. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು ಕೂಡ ಕಾರ್ಮಿಕನ ಅಧಿಕೃತ ದಾಖಲೆಗಳನ್ನು ಮಾಲೀಕನು ತಡೆಹಿಡಿಯಬಾರದೆಂದು ಹೇಳುತ್ತದೆ. 2013ರಲ್ಲಿ ಸೌದಿ ಸರ್ಕಾರ ದಾಖಲೆ ಸರಿಪಡಿಸಿಕೊಳ್ಳಲು ಇಲ್ಲವೇ ದೇಶ ಬಿಡಲು ಕಾಲಾವಕಾಶ ಕೊಟ್ಟಾಗಲೂ, 2024ರ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಸಂಯುಕ್ತ ಅರಬ್ ಸಂಸ್ಥಾನ ಕ್ಷಮಾದಾನದ ಅವಧಿ ಘೋಷಿಸಿದಾಗಲೂ, ಪಾಸ್‌ಪೋರ್ಟು ಕೈಯಲ್ಲಿಲ್ಲದವರು ತುರ್ತು ಪ್ರಮಾಣಪತ್ರವನ್ನು ಆಶ್ರಯಿಸಬೇಕಾಯಿತು.

ಹೊಸ ಪಾಸ್‌ಪೋರ್ಟಿನ ಅರ್ಜಿಯಲ್ಲಿ ಮಲೆನಾಡಿನ ಹಳ್ಳಿಯವರನ್ನು ಹೆಚ್ಚಾಗಿ ತಡೆಯುವುದು ಹೆಸರು. ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇನಿಷಿಯಲ್ ಸಹಿತ ಒಂದು ರೂಪ, ಆಧಾರ್‌ನಲ್ಲಿ ತಂದೆಯ ಹೆಸರು ಕೂಡಿದ ಇನ್ನೊಂದು ರೂಪ, ಇಕಾಮಾದಲ್ಲಿ ಅರಬ್ಬಿಯಿಂದ ಮರಳಿ ಇಂಗ್ಲಿಷಿಗೆ ಬಂದ ಮತ್ತೊಂದು ಕಾಗುಣಿತ, ಹೀಗೆ ಒಬ್ಬನೇ ಮನುಷ್ಯ ಮೂರು ಕಾಗದಗಳಲ್ಲಿ ಮೂವರಾಗಿ ಕಾಣುತ್ತಾನೆ. ಊರಿನಲ್ಲಿರುವಾಗಲೇ ಈ ಹೆಸರುಗಳನ್ನು ಪಾಸ್‌ಪೋರ್ಟಿಗೆ ಹೊಂದುವಂತೆ ತಿದ್ದಿಸಿಕೊಂಡವರು ಮುಂದೆ ಪರದಾಡುವುದಿಲ್ಲ. ಅಂಕಪಟ್ಟಿಯನ್ನು ಜೋಪಾನ ಮಾಡುವುದಕ್ಕೂ ಕಾರಣವಿದೆ: ಹತ್ತನೆಯ ತರಗತಿ ತೇರ್ಗಡೆಯಾಗದವರು 18 ನಿರ್ದಿಷ್ಟ ದೇಶಗಳಿಗೆ ಕೆಲಸಕ್ಕೆ ಹೋಗುವ ಮುನ್ನ ಇ-ಮೈಗ್ರೇಟ್ ವ್ಯವಸ್ಥೆಯ ಮೂಲಕ ವಲಸೆ ಅನುಮತಿ ಪಡೆಯಬೇಕೆಂದು 1983ರ ವಲಸೆ ಕಾಯ್ದೆಯಡಿ ನಿಯಮವಿದ್ದು, ಅದರಿಂದ ವಿನಾಯಿತಿ ಪಡೆದವರಿಗೆ ಆಧಾರವಾಗುವುದು ಸಾಮಾನ್ಯವಾಗಿ ಆ ಅಂಕಪಟ್ಟಿಯೇ.

ರಜೆಯಲ್ಲಿ ಊರಿಗೆ ಬಂದಾಗ ಕಾರ್ಡೋ ಪಾಸ್‌ಪೋರ್ಟೋ ಕಳೆದರೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ ಅಥವಾ ಆನವಟ್ಟಿಯಲ್ಲಿ, ಕಳೆದ ಜಾಗ ಯಾವ ಠಾಣೆಯ ವ್ಯಾಪ್ತಿಗೆ ಬರುತ್ತದೋ ಆ ಠಾಣೆಯಲ್ಲಿ ದೂರು ದಾಖಲಿಸಬೇಕು. ಕಳೆದ ಪಾಸ್‌ಪೋರ್ಟಿನ ಬದಲಿಗೆ 36 ಪುಟಗಳ ಹೊಸದನ್ನು ಪಡೆಯಲು ಸಾಮಾನ್ಯ ಪಾಸ್‌ಪೋರ್ಟಿಗೆ 1,500 ರೂಪಾಯಿ ಇರುವಲ್ಲಿ 3,000 ರೂಪಾಯಿ ಶುಲ್ಕವಿದೆ. ರಜೆ ಮುಗಿಯುವ ದಿನಾಂಕ ಹತ್ತಿರವಿದ್ದರೆ ಮಾಲೀಕನಿಗೆ ತಕ್ಷಣ ತಿಳಿಸಿ, ಮರುಪ್ರವೇಶದ ವೀಸಾದ ಅವಧಿಯನ್ನು ವಿಸ್ತರಿಸಿಕೊಡಲು ಕೇಳಬೇಕು. ಬೆಂಗಳೂರು 300 ಕಿಲೋಮೀಟರಿಗೂ ದೂರವಿರುವ ಈ ತಾಲ್ಲೂಕುಗಳಿಂದ ಕಚೇರಿಗಳಿಗೆ ಅಲೆಯುವುದರಲ್ಲಿಯೇ ರಜೆಯ ದಿನಗಳು ಕಳೆದುಹೋಗುತ್ತವೆ.

ಮಾಲೀಕನು ಸ್ಪಂದಿಸದಿದ್ದಾಗ ಕಾರ್ಮಿಕನು ಒಬ್ಬಂಟಿಯೆಂದು ತಿಳಿಯಬೇಕಾಗಿಲ್ಲ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ಮದದ್ ಎಂಬ ಅಂತರ್ಜಾಲ ವ್ಯವಸ್ಥೆಯಲ್ಲಿ ಕಾರ್ಮಿಕನ ಮನೆಯವರು ಊರಿನಿಂದಲೇ ದೂರು ಸಲ್ಲಿಸಿ ಅದರ ಪ್ರಗತಿಯನ್ನು ನೋಡಬಹುದು. 2009ರಲ್ಲಿ ಸ್ಥಾಪನೆಯಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ತೀರಾ ಸಂಕಷ್ಟದಲ್ಲಿರುವವರಿಗೆ ವಸತಿ ಮತ್ತು ವಿಮಾನದ ಟಿಕೆಟ್ಟಿಗೆ ರಾಯಭಾರ ಕಚೇರಿಗಳು ನೆರವು ಕೊಡಬಲ್ಲವು. ಕೇರಳವು 1996ರಲ್ಲಿಯೇ ನೋರ್ಕಾ ಎಂಬ ಪ್ರತ್ಯೇಕ ಇಲಾಖೆಯನ್ನು ತೆರೆದು ತನ್ನ ವಲಸಿಗರ ಬೆನ್ನಿಗೆ ನಿಂತಿತು. ಕರ್ನಾಟಕದಲ್ಲಿ ಅನಿವಾಸಿ ಭಾರತೀಯ ಸಮಿತಿ ಇದ್ದರೂ, ಸೊರಬದ ಹಳ್ಳಿಯೊಂದರ ತಾಯಿಗೆ ಅರ್ಜಿ ತುಂಬಿಕೊಡುವ ಕೈ ಹತ್ತಿರದಲ್ಲಿಯೇ ಬೇಕು; ಗ್ರಾಮ ಒನ್ ಕೇಂದ್ರಗಳ ಸಿಬ್ಬಂದಿಗೆ ಮದದ್ ಮತ್ತು ಇ-ಮೈಗ್ರೇಟ್ ಬಳಸುವ ತರಬೇತಿ ಕೊಟ್ಟರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ.

ಈ ಎಲ್ಲ ಅನುಭವಗಳಿಂದ ಹೊರಡುವ ನಿರ್ಣಯ ಒಂದೇ: ಕಳೆದ ಕಾರ್ಡನ್ನು ಮರಳಿ ಪಡೆಯುವ ಕೆಲಸ ಕಾರ್ಡು ಕಳೆಯುವ ಮುಂಚೆಯೇ ಆರಂಭವಾಗಿರಬೇಕು. ವಿಮಾನ ಹತ್ತುವ ಮುನ್ನ ಹೆಸರುಗಳನ್ನು ಸರಿಪಡಿಸಿಕೊಂಡು, ಕಾರ್ಡು ಬಂದ ದಿನವೇ ಅದರ ಎರಡೂ ಬದಿಯ ಪ್ರತಿಯನ್ನು ಮನೆಗೆ ಕಳಿಸಿ, ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡು, ಅಬ್ಶರ್‌ನಂಥ ಆ್ಯಪಿನ ಗುಪ್ತಪದವನ್ನು ಬೇರೆಯವರಿಗೆ ಒಪ್ಪಿಸದೆ ತಾನೇ ಇಟ್ಟುಕೊಂಡ ಕಾರ್ಮಿಕನಿಗೆ ಕಳವು ಒಂದಿಷ್ಟು ಖರ್ಚು ಮತ್ತು ಓಡಾಟದ ವಿಷಯವಷ್ಟೇ. ತನ್ನ ದಾಖಲೆಯನ್ನೆಲ್ಲ ಬೇರೆಯವರ ವಶಕ್ಕೆ ಬಿಟ್ಟವನಿಗೆ ಅದೇ ಕಳವು ವರ್ಷಗಳ ದುಡಿಮೆಯನ್ನು ಕಸಿಯಬಲ್ಲದು.