ಎದುರಿಗೆ ಕೂತು ಕೇಳುವವರು ಬೇಕು

ಫ್ರೆಂಡ್ಸ್, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬಂದಿರುವ ನಮಗೆ ಕೋಚಿಂಗ್ ಅಂದ್ರೆ ಸಿಇಟಿ ಕ್ಲಾಸ್, ದೊಡ್ಡ ಬ್ಯಾಚು. ಆದರೆ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಕಲಿಸುವ ಪದ್ಧತಿ ನಮ್ಮ ಜಿಲ್ಲೆಗೆ ಹೊಸದಲ್ಲ.

ಅರಕಲಗೂಡು ತಾಲೂಕಿನ ರುದ್ರಪಟ್ಟಣ ಕಾವೇರಿ ದಡದ ಸಂಗೀತಗಾರರ ಊರು. 1920ರಲ್ಲಿ ಅಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತಮ್ಮ ತಂದೆ ಮತ್ತು ಅಣ್ಣ ವೆಂಕಟರಾಮ ಶಾಸ್ತ್ರಿಗಳ ಹತ್ತಿರ ಕಲಿತರು. 2011ರಲ್ಲಿ ಅವರಿಗೆ ಪದ್ಮಭೂಷಣ ಬಂತು.

ಇಂಥ ಪಾಠದಲ್ಲಿ ಸರಳೆ ವರಸೆಯನ್ನು ಮೊದಲು ನಿಧಾನವಾಗಿ, ಆಮೇಲೆ ಎರಡರಷ್ಟು, ನಾಲ್ಕರಷ್ಟು ವೇಗದಲ್ಲಿ ಹಾಡಿಸ್ತಾರೆ. ಸ್ವರ ಜಾರಿದ ಕೂಡಲೇ ಗುರುಗಳು ನಿಲ್ಲಿಸಿ, ತಾವೇ ಹಾಡಿ ತೋರಿಸ್ತಾರೆ. ಒಬ್ಬರೇ ಮಾಡ್ತಾ ಹೋದ್ರೆ ತಪ್ಪೂ ಅಭ್ಯಾಸವಾಗಿಬಿಡುತ್ತೆ. ನಮ್ಮ ಭಾಷೆಯಲ್ಲಿ ಇದು ಫೀಡ್‌ಬ್ಯಾಕ್ ಲೂಪ್: ಔಟ್‌ಪುಟ್ ಅಳೆಯದೆ ಎರರ್ ತಿದ್ದೋಕಾಗಲ್ಲ. ನಮಗೆ ಇಂಟರ್ನಲ್ಸ್ ಮಾರ್ಕ್ಸ್ ಬರೋ ಹೊತ್ತಿಗೆ ತಪ್ಪು ಬೇರು ಬಿಟ್ಟಿರುತ್ತೆ.

ಹಾಗಾಗಿ ಈ ಸೆಮ್‌ನಲ್ಲಿ ಇಬ್ಬಿಬ್ಬರು ಜೋಡಿಯಾಗೋಣ. ದಿನಾ ರಾತ್ರಿ ಹದಿನೈದು ನಿಮಿಷ, ಒಂದೇ ಪ್ರಾಬ್ಲಮ್. ಒಬ್ಬರು ಬಿಡಿಸಲಿ, ಇನ್ನೊಬ್ಬರು ಸ್ಟೆಪ್ ತಪ್ಪಿದಲ್ಲೇ ನಿಲ್ಲಿಸಲಿ. ಸೀನಿಯರ್ ಸಿಕ್ಕಿದ್ರೆ ಇನ್ನೂ ಒಳ್ಳೇದು. ಪಕ್ಕದ ರೂಮಿನವರನ್ನು ಇವತ್ತೇ ಕೇಳೋಣ.