ಸಂಚಿಯ ಹೊನ್ನಮ್ಮನ ಕಾದಂಬರಿಗೆ ಕೈಹಾಕುವ ಮುನ್ನ

ಕವಯಿತ್ರಿ ಹೊನ್ನಮ್ಮನ ಬಗ್ಗೆ ಸಿಗುವ ಸಂಗತಿ ಅರ್ಧ ಪುಟವೂ ತುಂಬದು, ಕಾದಂಬರಿ ಹೇಗೆ ಬರೆಯಲಿ ಎಂದು ಕೇಳಿದ್ದೀರಿ. ಆ ಅರ್ಧ ಪುಟವನ್ನೇ ನಿಧಾನವಾಗಿ ಓದಿ. ಮೈಸೂರಿನ ಅರಸ ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಅರಮನೆಯಲ್ಲಿ ಎಲೆಅಡಿಕೆಯ ಸಂಚಿ ಹಿಡಿದು ನಿಲ್ಲುತ್ತಿದ್ದವಳು ಆಕೆ. ಅಲ್ಲಿ ಯಾರ ಮಾತು ಕಿವಿಗೆ ಬೀಳುತ್ತಿತ್ತು, ಯಾರೆದುರು ಬಾಯಿ ತೆರೆಯುವಂತಿರಲಿಲ್ಲ? ನಿಮ್ಮ ಮೊದಲ ಅಧ್ಯಾಯ ಅಲ್ಲೇ ಇದೆ.

ನನಗಿರುವ ಆತಂಕ ಬೇರೆ. ನೀವು ಕಳಿಸಿದ ಸಾರಾಂಶದಲ್ಲಿ ಆಕೆ ಇಂದಿನ ಹೋರಾಟಗಾರ್ತಿಯಂತೆ ಮಾತಾಡುತ್ತಾಳೆ. ಆಕೆಯ ‘ಹದಿಬದೆಯ ಧರ್ಮ’ವನ್ನು ಇಡಿಯಾಗಿ ಓದಿ. ಪತಿವ್ರತೆಯ ಕರ್ತವ್ಯಗಳನ್ನು ಹೇಳುವ ಅದೇ ಸಾಂಗತ್ಯ ಕಾವ್ಯದಲ್ಲಿ, ಹೆಣ್ಣೆಂದು ಹಳಿಯುವವರನ್ನು ಆಕೆ ನೇರವಾಗಿ ಪ್ರಶ್ನಿಸುತ್ತಾಳೆ. ಎರಡನ್ನೂ ಬರೆದವಳು ಒಬ್ಬಳೇ. ಆ ತೊಡಕನ್ನು ದಯವಿಟ್ಟು ಬಿಡಿಸಿಬಿಡಬೇಡಿ, ನಿಮ್ಮ ಕಾದಂಬರಿಯ ಜೀವ ಅದು.

ಊಟ, ಉಡುಗೆ, ಅಂದಿನ ರಾಜಧಾನಿ ಶ್ರೀರಂಗಪಟ್ಟಣದ ಬೀದಿಗಳು ಆಗಿನವೇ ಆಗಿರಲಿ. ಕಂದಾಯದ ಭಾರಕ್ಕೆ ರೈತರು ದಂಗೆಯೆದ್ದದ್ದೂ ಚಿಕ್ಕದೇವರಾಜರ ಆಳ್ವಿಕೆಯಲ್ಲೇ. ಆ ಸುದ್ದಿ ಅರಮನೆಯೊಳಗೂ ನುಸುಳಲಿ. ಅವಳ ಬಾಲ್ಯ, ಪ್ರೀತಿ, ಕೊನೆಗಾಲವನ್ನು ಕಲ್ಪಿಸಿಕೊಳ್ಳಲು ಅಂಜಬೇಡಿ. ಯಾವುದು ನಿಮ್ಮ ಕಲ್ಪನೆ ಎಂಬುದನ್ನು ಪುಸ್ತಕದ ಕೊನೆಗೆ ಎರಡು ಪುಟದಲ್ಲಿ ಬಿಚ್ಚಿ ಹೇಳಿ.